ಫುಟ್‌ಪಾತ್ ಕೇಳಿದವರಿಗೆ ಆಕಾಶ ಕೊಟ್ಟರು

ಬೆಂಗಳೂರಿನ ಬಡಾವಣೆಗಳ ಜನರಿಗೆ ಕೇಳುವುದಕ್ಕೇ ಬರುವುದಿಲ್ಲ. ಮನವಿ ಪತ್ರ ಹಿಡಿದು ಹೋಗಿ ಏನು ಕೇಳುತ್ತಾರೆ ನೋಡಿ. ಶಾಲೆ ಮುಂದೆ ಒಂದು ಝೀಬ್ರಾ ಕ್ರಾಸಿಂಗ್ ಎಳೆಯಿರಿ, ಎರಡು ಹಂಪ್ ಹಾಕಿ, ಅಲುಗಾಡುವ ಚಪ್ಪಡಿ ಸರಿಮಾಡಿ. ಇಷ್ಟೇ! ನಾಲ್ಕು ಡಬ್ಬ ಬಣ್ಣ, ಎರಡು ಮೂಟೆ ಸಿಮೆಂಟಿನಲ್ಲಿ ಮುಗಿದುಹೋಗುವ ಕೆಲಸ. ಇಂಥ ಚಿಲ್ಲರೆ ಕೆಲಸಕ್ಕೆ ಯಾವ ಕಂಟ್ರಾಕ್ಟರ್ ಬರುತ್ತಾನೆ? ಝೀಬ್ರಾ ಪಟ್ಟೆಗೆ ಶಂಕುಸ್ಥಾಪನೆ ಮಾಡಲಾಗುತ್ತದೆಯೇ?

ಹಾಗಾಗಿ ಸ್ಕೈವಾಕ್ ಮಂಜೂರಾಗುತ್ತದೆ. ಕಾರು ಅರ್ಧ ನಿಮಿಷ ನಿಲ್ಲಬಾರದು, ಮಂಡಿ ನೋವಿನ ಅಜ್ಜಿ ಬೇಕಾದರೆ ಮೆಟ್ಟಿಲು ಹತ್ತಲಿ. ಎದುರುಗಡೆ ಹಾಲಿನ ಬೂತಿಗೆ ಆಕಾಶಮಾರ್ಗವಾಗಿ ಹೋಗಿ ಬರಲಿ. ಲಿಫ್ಟ್ ಇದೆಯಲ್ಲ ಅನ್ನಬಹುದು. ಇದೆ, ಬೀಗದ ಸಮೇತ ಇದೆ. ಇಲ್ಲಿನ ಎಷ್ಟೋ ಸ್ಕೈವಾಕ್‌ಗಳನ್ನು ಖಾಸಗಿಯವರು ಕಟ್ಟಿ, ಜಾಹೀರಾತಿನಿಂದ ದುಡ್ಡು ವಾಪಸ್ ಪಡೆಯುತ್ತಾರೆ. ಮೇಲೆ ಒಂದು ನರಪಿಳ್ಳೆ ನಡೆಯದಿದ್ದರೂ ನಷ್ಟವಿಲ್ಲ. ಕೆಳಗೆ ಟ್ರಾಫಿಕ್ ಜಾಮ್ ಆಗಿ, ಸಿಕ್ಕಿಕೊಂಡವರು ತಲೆಯೆತ್ತಿ ಬೋರ್ಡ್ ಓದಿದರೆ ಸಾಕು.

ಫುಟ್‌ಪಾತ್‌ಗೂ ಶಾಸ್ತ್ರ ಇದೆ. ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103ರ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಬಿಡಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು. ನಮ್ಮವರು ಅಗಲದಲ್ಲಿ ಉಳಿಸಿದ್ದನ್ನೆಲ್ಲ ಎತ್ತರಕ್ಕೆ ಹಾಕಿದ್ದಾರೆ. ಹತ್ತಲು ಒಂದು ಕೈ ಬೇಕು, ಇಳಿಯಲು ದೇವರು ಬೇಕು. ಅದೂ ಪ್ರತಿ ಮನೆಯ ಗೇಟಿನ ಮುಂದೆ!

ಮೇಲೆ ಹತ್ತಿದಿರಿ ಅನ್ನೋಣ. ಚಪ್ಪಡಿಯ ಈ ತುದಿ ತುಳಿದರೆ ಆ ತುದಿ ಏಳುತ್ತದೆ. ಮಳೆಗಾಲವಾದರೆ ಸಂದಿಯಿಂದ ಚರಂಡಿ ನೀರು ಚಿಮ್ಮಿ ಮೊಣಕಾಲಿಗೆ ಅಭಿಷೇಕ. ಚಪ್ಪಡಿ ಎತ್ತಲೆಂದು ಬಿಟ್ಟ ಕಬ್ಬಿಣದ ಕೊಂಡಿ ಚಪ್ಪಲಿಯ ಉಂಗುಷ್ಠಕ್ಕೆ ಅಳತೆ ತೆಗೆದ ಹಾಗೆ ನಿಂತಿರುತ್ತದೆ. ತಪ್ಪಿಸಿಕೊಂಡು ಪಕ್ಕಕ್ಕೆ ಸರಿದರೆ ಟ್ರಾನ್ಸ್‌ಫಾರ್ಮರ್. ಅದರ ಕಾಲಿಗೆ ಸುತ್ತಿಟ್ಟ ಕೇಬಲ್ ಸುರುಳಿ. ಅಷ್ಟರಲ್ಲಿ ಹಿಂದಿನಿಂದ ಹಾರ್ನ್. ಬೈಕಿನವನು ಪಾಪ, ಮರ್ಯಾದಸ್ಥ. "ಸ್ವಲ್ಪ ಸೈಡ್ ಕೊಡಿ ಸಾರ್" ಅನ್ನುತ್ತಾನೆ, ಫುಟ್‌ಪಾತ್ ಮೇಲೆ! ಇವನನ್ನು ತಡೆಯಲೆಂದೇ ಕಂಬ ನೆಟ್ಟರು. ಗಾಲಿಕುರ್ಚಿಯವರು ಆಚೆಯೇ ಉಳಿದರು, ಬೈಕು ಮಾತ್ರ ಹ್ಯಾಂಡಲ್ ಓರೆ ಮಾಡಿಕೊಂಡು ಒಳಗೆ ಬಂತು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದು ಎಂದಿತು. ಟ್ರಾನ್ಸ್‌ಫಾರ್ಮರ್ ಇನ್ನೂ ಆದೇಶ ಓದಿಲ್ಲ ಅನ್ನಿಸುತ್ತೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಡೀ ನಗರಕ್ಕಿದ್ದ ಒಂದೇ ಪಾಲಿಕೆ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ನಿಮ್ಮ ರಸ್ತೆಯೇ ಎರಡು ಪಾಲಿಕೆಗಳ ಗಡಿಯಾದರೆ ಯೋಗ ಖುಲಾಯಿಸಿತು ಅಂತಲೇ ಲೆಕ್ಕ. ಅರ್ಧ ಝೀಬ್ರಾ ಈ ಪಾಲಿಕೆಯದು, ಉಳಿದರ್ಧಕ್ಕೆ ಆ ಪಾಲಿಕೆಯ ಎನ್‌ಒಸಿ ಬರಬೇಕು. ಬರುವವರೆಗೆ ಡಿವೈಡರ್ ಮೇಲೆ ನಿಂತಿರಿ. ಡಿವೈಡರ್ ಯಾರ ವ್ಯಾಪ್ತಿಗೆ ಬರುತ್ತದೆ ಅಂತ ಕೇಳಿ ಎರಡೂ ಕಡೆ ಪತ್ರ ಬರೆಯುತ್ತಾರಂತೆ.