ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತೀರಿ?

ಮೊನ್ನೆ ಭಾನುವಾರ ಮನೆಗೆ 12 ಜನ ಊಟಕ್ಕೆ ಬರುವವರಿದ್ದರು. ಒಂದು ಕೆಲಸವಾದರೂ ಮುಗಿಯಲಿ ಅಂತ ಬೆಳಿಗ್ಗೆ 9 ಗಂಟೆಗೇ ಕೋಸಂಬರಿಗೆ ಉಪ್ಪು, ನಿಂಬೆರಸ ಎಲ್ಲ ಹಾಕಿ ಕಲಸಿ ಮುಚ್ಚಿಟ್ಟೆ. ಊಟದ ಹೊತ್ತಿಗೆ ಮುಚ್ಚಳ ತೆಗೆದರೆ ಅರ್ಧ ಪಾತ್ರೆ ನೀರು! ಬೇಳೆ ತಳದಲ್ಲಿ, ಸೌತೆಕಾಯಿ ಬಾಡಿದ ಸೊಪ್ಪಿನ ಹಾಗೆ. ಅತ್ತೆ ಇಣುಕಿ ನೋಡಿ, "ಸಾರು ಆಗ್ಲೇ ಮಾಡಿದ್ಯಲ್ಲಮ್ಮಾ, ಇದ್ಯಾವ್ದು?" ಅಂದರು.

ತಪ್ಪು ನನ್ನದೇ ಬಿಡಿ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ ಇರುವುದು, ಉಪ್ಪು ಬಿದ್ದರೆ ಅದು ಹೊರಗೆ ಬಂದೇ ಬರುತ್ತದೆ. ಎಲೆ ಹಾಕಿದ ಮೇಲೇ ಉಪ್ಪು ಹಾಕಬೇಕು. ಗೊತ್ತಿತ್ತು, ಸೋಮಾರಿತನ.

ಅದಿರಲಿ, ನನ್ನ ತಕರಾರು ಬೇರೆ. ರಾಮನವಮಿ ದಿನ ಪಾನಕ, ನೀರುಮಜ್ಜಿಗೆ ಜೊತೆ ದೊನ್ನೆಯಲ್ಲಿ ಕೊಡುವ ಕೋಸಂಬರಿಗೆ ಬಿಸಿಲಲ್ಲಿ ಸಾಲು ನಿಂತು, ಇನ್ನೊಂದು ಸಲ ಕೈ ಚಾಚುವ ನಾವು, ಮಾರನೇ ದಿನದಿಂದ ಅದನ್ನು ಎಲೆ ತುದಿಯ ಒಂದು ಚಮಚಕ್ಕೆ ಇಳಿಸಿಬಿಡುತ್ತೇವೆ. ಏಪ್ರಿಲ್ ಸೆಕೆಯಲ್ಲಿ ರಾತ್ರಿ ಒಲೆ ಮುಂದೆ ನಿಂತು ಚಪಾತಿ ಲಟ್ಟಿಸುವ ಬದಲು ಒಂದು ಬಟ್ಟಲು ಕೋಸಂಬರಿ ತಿಂದು ಮಜ್ಜಿಗೆ ಕುಡಿದು ಮಲಗಬಹುದಲ್ವಾ? ನಾನು ವಾರಕ್ಕೆ ಮೂರು ದಿನ ಹಾಗೇ ಮಾಡುತ್ತೇನೆ.

ಹೆಸರುಬೇಳೆ ಒಂದು ಗಂಟೆ ನೆಂದರೆ ಸಾಕು. ಉಗುರಲ್ಲಿ ಒತ್ತಿದರೆ ಪಟಕ್ಕನೆ ಮುರಿಯಬೇಕು. ರಾತ್ರಿಯಿಡೀ ನೆನೆಸಿಟ್ಟರೆ ಈ ಸೆಕೆಗೆ ವಾಸನೆ ಬಂದುಬಿಡುತ್ತದೆ. ಎಳೆ ಸೌತೆಕಾಯಿಯನ್ನು ತುರಿಯಬೇಡಿ, ದಯವಿಟ್ಟು. ತುರಿದರೆ ಅಲ್ಲೇ ನೀರು ಬಿಟ್ಟುಕೊಳ್ಳುತ್ತದೆ. ತೊಟ್ಟಿನ ಕಡೆ ಕತ್ತರಿಸಿ, ಆ ತುಂಡಿನಿಂದಲೇ ನೊರೆ ಬರುವ ತನಕ ಉಜ್ಜಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಕಹಿ ಇಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಕಾಯಿಯನ್ನು ಎಡಗೈಯಲ್ಲಿ ಹಿಡಿದು ಉದ್ದುದ್ದಕ್ಕೆ ಚಾಕುವಿನಿಂದ ಟಕಟಕ ಕೊಚ್ಚಿ, ತಿರುಗಿಸಿ ಕೊಚ್ಚಿ, ಅಡ್ಡ ಹೆಚ್ಚಿದರೆ ಸಣ್ಣ ಸಣ್ಣ ಚೂರು ಉದುರುತ್ತದೆ. ನಮ್ಮಮ್ಮ ಟಿವಿ ನೋಡಿಕೊಂಡೇ ಇದನ್ನು ಮಾಡುತ್ತಿದ್ದರು. ನಾನು ಕೈ ನೋಡಿಕೊಂಡು ಮಾಡಿದರೂ ಹೆಬ್ಬೆರಳು ಕುಯ್ದುಕೊಂಡಿದ್ದೇನೆ.

ಕಾಯಿತುರಿ, ಹಸಿಮೆಣಸು, ಕೊತ್ತಂಬರಿ, ಸಿಕ್ಕರೆ ಒಂದು ಹಿಡಿ ಮಾವಿನಕಾಯಿ ತುರಿ. ಮಾವಿನಕಾಯಿ ಬಿದ್ದರೆ ನಿಂಬೆಹಣ್ಣು ಬೇಡ. ಸಾಸಿವೆ, ಇಂಗಿನ ಒಗ್ಗರಣೆ ಆರಿದ ಮೇಲೆ ಸುರಿಯಿರಿ. ಈಗಿನ ಮದುವೆ ಮನೆಗಳಲ್ಲಿ ಸ್ವೀಟ್ ಕಾರ್ನ್, ದಾಳಿಂಬೆ ಸುರಿದು ಸಿಹಿ ಮಾಡಿಡುತ್ತಾರಲ್ಲ, ಅದು ಚೆನ್ನಾಗಿಲ್ಲ ಅಂತಲ್ಲ, ಆದರೆ ಅದಕ್ಕೆ ಬೇರೆ ಹೆಸರಿಡಲಿ.

ಬೇಳೆ ಬೇಡ ಅನ್ನುವವರು ಉತ್ತರ ಕರ್ನಾಟಕದವರ ಪಚಡಿ ಮಾಡಿ ನೋಡಿ. ಕೊಚ್ಚಿದ ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಮೇಲೆ ಶೇಂಗಾ ಪುಡಿ. ಖಡಕ್ ರೊಟ್ಟಿ ಮುರಿದು ಅದರ ಜೊತೆ ತಿಂದವರಿಗೇ ಗೊತ್ತು.

ಅಂದಹಾಗೆ ಭಾನುವಾರದ ಆ ನೀರನ್ನು ಚೆಲ್ಲಲಿಲ್ಲ. ಬಸಿದು ಮಜ್ಜಿಗೆಗೆ ಬೆರೆಸಿದೆ. ಬಂದವರೆಲ್ಲ ಕೋಸಂಬರಿ ಬಿಟ್ಟು ಮಜ್ಜಿಗೆಗೆ ಏನು ಹಾಕಿದ್ದೀರಿ ಅಂತ ಕೇಳಿದರು. ಅತ್ತೆ ಬಾಯಿ ಬಿಡಲಿಲ್ಲ, ಪುಣ್ಯಕ್ಕೆ.