ಇದು ಕಂಬಳದ ಕೋಣ ಅಲ್ಲ, ಮಾವ

ಕಳೆದ ವರ್ಷ ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ತಂಗಿಯ ಮಗನಿಗೆ ಒಂದು ಪ್ಯಾಕೆಟ್ ಪ್ರಾಣಿ ಗೊಂಬೆ ತೆಗೆದುಕೊಟ್ಟೆ. ಹನ್ನೆರಡು ಪ್ರಾಣಿ, 150 ರೂಪಾಯಿ. ಅವನಿಗೆ ಏಳು ವರ್ಷ. ಮನೆಗೆ ಬಂದವನೇ ಚಾವಡಿಯಲ್ಲಿ ಎಲ್ಲವನ್ನೂ ಸುರಿದುಕೊಂಡು ಕೂತ. ಹುಲಿ ತೆಗೆದ, ಆಡಿದ. ಜಿರಾಫೆ ತೆಗೆದ, ಆಡಿದ. ಕೋಣ ಸಿಕ್ಕಿದಾಗ ಮಾತ್ರ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಂದು ನನ್ನ ಕೈಗೆ ಕೊಟ್ಟ. "ಇದು ಕಂಬಳದ ಕೋಣ ಅಲ್ಲ, ಮಾವ. ಕೊಂಬು ಸರಿ ಇಲ್ಲ."

ಅವನು ಹೇಳಿದ್ದು ಸರಿಯೇ. ಅದು ಆಫ್ರಿಕಾದ ಕೇಪ್ ಬಫಲೋ. ಅದರ ಗಂಡಿಗೆ ಎರಡೂ ಕೊಂಬಿನ ಬುಡ ಹಣೆಯ ಮೇಲೆ ಕೂಡಿಕೊಂಡು ದಪ್ಪ ಹಲಗೆ ಇಟ್ಟ ಹಾಗೆ ಇರುತ್ತದೆ. ಕೊಂಬು ಅಲ್ಲಿಂದ ಕೆಳಗಿಳಿದು ಮತ್ತೆ ಮೇಲಕ್ಕೆ ತಿರುಗುತ್ತದೆ. ನಮ್ಮ ಕೋಣದ್ದು ಹಾಗಲ್ಲ. ತಲೆಯ ಎರಡು ಬದಿಯಿಂದ ಹೊರಟು, ಚಪ್ಪಟೆಯಾಗಿ, ಗೆರೆಗೆರೆಯಾಗಿ ಹಿಂದಕ್ಕೆ ಬಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬಫಲೋ ಅಂತಾರೆ, ಅಷ್ಟೇ. ಕುಲವೇ ಬೇರೆ. ಕೇಪ್ ಬಫಲೋವನ್ನು ಮನುಷ್ಯ ಇವತ್ತಿನವರೆಗೂ ಪಳಗಿಸಿಲ್ಲ. ನಮ್ಮದು ಸಾವಿರಾರು ವರ್ಷದಿಂದ ಗದ್ದೆಯಲ್ಲಿ ನಮ್ಮ ಜೊತೆ ಕೆಸರು ತುಳಿದಿದೆ.

ಏಳು ವರ್ಷದ ಹುಡುಗನಿಗೆ ಇದೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಅಪ್ಪನ ಹೆಗಲ ಮೇಲೆ ಕೂತು ಕಟಪಾಡಿ ಕಂಬಳ ನೋಡಿದವನು. ಓಟಕ್ಕೆ ಮುಂಚೆ ಕೋಣಗಳಿಗೆ ಎಣ್ಣೆ ಉಜ್ಜುವಾಗ ಎರಡು ಮಾರು ದೂರದಲ್ಲಿ ನಿಂತವನು. ಅವನ ಕಣ್ಣಿಗೆ ಸುಳ್ಳು ಕೋಣ ತೋರಿಸಲು ಆಗುವುದಿಲ್ಲ.

ಆದರೆ ಅದೇ ಪ್ಯಾಕೆಟಿನಲ್ಲಿ ಹುಲಿ, ಚಿರತೆ, ಹೆಣ್ಣು ಸಿಂಹ ಮೂರೂ ಒಂದೇ ಅಚ್ಚಿನವು. ಅದೇ ಮುಖ, ಅದೇ ಬಾಲ, ಅದೇ ಎತ್ತಿದ ಬಲಗಾಲು. ಒಂದಕ್ಕೆ ಪಟ್ಟೆ ಬಳಿದಿದ್ದರು, ಒಂದಕ್ಕೆ ಚುಕ್ಕೆ, ಒಂದಕ್ಕೆ ಏನೂ ಇಲ್ಲ. ಡಾಲ್ಫಿನ್‌ಗೆ ಮೀನಿನ ಹಾಗೆ ನೆಟ್ಟಗೆ ನಿಂತ ಬಾಲ. ನಿಜವಾದ ಡಾಲ್ಫಿನ್‌ನ ಬಾಲ ಅಡ್ಡ ಇರುತ್ತದೆ, ಮೇಲೆ ಕೆಳಗೆ ಆಡುತ್ತದೆ. ಇದನ್ನೆಲ್ಲ ಅವನು ಹಿಡಿಯಲಿಲ್ಲ. ಯಾಕೆಂದರೆ ಹುಲಿಯನ್ನಾಗಲಿ ಡಾಲ್ಫಿನ್ ಅನ್ನಾಗಲಿ ಅವನು ಹತ್ತಿರದಿಂದ ನೋಡಿಲ್ಲ. ಅವನ ಮಟ್ಟಿಗೆ ಆ ಪ್ಲಾಸ್ಟಿಕ್ಕೇ ಹುಲಿ.

ನನ್ನ ತಲೆಯಲ್ಲಿ ಅವತ್ತಿನಿಂದ ಕೂತ ಮಾತು ಇದು. ಮಗು ಕಣ್ಣಾರೆ ನೋಡದ ಪ್ರಾಣಿಗೆ ಕೈಯಲ್ಲಿರುವ ಗೊಂಬೆಯೇ ಸಾಕ್ಷಿ. ಆ ಸಾಕ್ಷಿ ನಿಜ ಹೇಳಬೇಕು.

ನಾನು ಪ್ರಾಣಿ ಗೊಂಬೆ ಕೂಡಿಡಲು ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಗೊಂಬೆ ಅಂದರೆ ಅಸಲು ಪ್ರಾಣಿಯ ಆಕಾರ, ಅಳತೆ, ಬಣ್ಣ ನೋಡಿ ಮಾಡಿದ ಚಿಕ್ಕ ಪ್ರತಿರೂಪಗಳು. ಮೊದಲನೆಯದ್ದು ದುಬೈಯಲ್ಲಿರುವ ಭಾವ ತಂದದ್ದು, ಷ್ಲೈಖ್ ಅನ್ನುವ ಜರ್ಮನ್ ಕಂಪನಿಯ ಖಡ್ಗಮೃಗ. 1935ರಲ್ಲಿ ಶುರುವಾದ ಕಂಪನಿ ಅದು. ಫ್ರಾನ್ಸಿನ ಪಾಪೋ, ಅಮೆರಿಕದ ಸಫಾರಿ, ಆಮೇಲೆ ಕಲೆಕ್ಟಾ ಅಂತೆಲ್ಲ ಬೇರೆಯವರೂ ಇದ್ದಾರೆ. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಭಾವ ಬ್ಯಾಗಿನಿಂದ ತೆಗೆದು ಟೇಬಲ್ ಮೇಲೆ ಇಟ್ಟರು. ಅಮ್ಮ ಕೇಳಿದರು, "ಇದಕ್ಕೆ ಎಂತ ಎರಡು ಕೊಂಬು? ಒಂದೇ ಅಲ್ವಾ ಇರುವುದು?"

ಅಮ್ಮನ ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದವನು ನಾನು, ಇನ್ನೂ ವಾಪಸ್ ಬಂದಿಲ್ಲ.

ಕಾಜಿರಂಗದಲ್ಲಿರುವ ನಮ್ಮ ಖಡ್ಗಮೃಗಕ್ಕೆ ಒಂದೇ ಕೊಂಬು. ಆಫ್ರಿಕಾದ ಎರಡೂ ಜಾತಿಗೆ ಎರಡೆರಡು. ಅವುಗಳಲ್ಲಿ ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು ಅನ್ನುವ ಹೆಸರಿದೆ, ಆದರೆ ಎರಡರ ಮೈಯೂ ಬೂದು ಬಣ್ಣವೇ. ಗುರುತು ಹಿಡಿಯಬೇಕಾದದ್ದು ಬಾಯಿಯಲ್ಲಿ. ಬಿಳಿಯದ್ದು ಹುಲ್ಲು ಮೇಯುವ ಪ್ರಾಣಿ, ಅದರ ಬಾಯಿ ಅಗಲ, ಚೌಕ. ಕಪ್ಪಿನದ್ದು ಗಿಡದ ಎಲೆ, ಟೊಂಗೆ ತಿನ್ನುತ್ತದೆ. ಅದರ ಮೇಲ್ತುಟಿ ಚೂಪಾಗಿ ಮುಂದೆ ಬಂದಿರುತ್ತದೆ, ಟೊಂಗೆ ಹಿಡಿದೆಳೆಯಲು. ಭಾವ ತಂದ ಗೊಂಬೆಯ ತುಟಿ ಬೆರಳಿಂದ ಮುಟ್ಟಿ ನೋಡಿದೆ. ಅಗಲ. ಚೌಕ. ಬಿಳಿ ಖಡ್ಗಮೃಗ. ಎಷ್ಟು ಖುಷಿ ಆಯ್ತು ಅಂತ ಹೇಳಲು ಆಗುವುದಿಲ್ಲ ಮಾರಾಯ್ರೇ.

ಮುಂದೆ ಓದುತ್ತಾ ಹೋದ ಹಾಗೆ ಖುಷಿ ಇಳಿಯಿತು. ಬಿಳಿ ಖಡ್ಗಮೃಗದಲ್ಲಿ ಉತ್ತರದ್ದು, ದಕ್ಷಿಣದ್ದು ಅಂತ ಎರಡು ಬಗೆ. ಉತ್ತರದ್ದರಲ್ಲಿ ಉಳಿದಿದ್ದ ಕೊನೆಯ ಗಂಡು 2018ರಲ್ಲಿ ಕೀನ್ಯಾದಲ್ಲಿ ಸತ್ತಿತು. ಅದರ ಹೆಸರು ಸುಡಾನ್. ಈಗ ಉಳಿದಿರುವುದು ಎರಡು ಹೆಣ್ಣು, ತಾಯಿ ಮತ್ತು ಮಗಳು. ಶೋಕೇಸಿನ ಗಾಜು ಒರೆಸುವಾಗ ಆ ಗೊಂಬೆ ಕಂಡರೆ ಈಗಲೂ ಕೈ ನಿಧಾನ ಆಗುತ್ತದೆ.

ಈಗ ನನ್ನ ಹತ್ತಿರ ನೂರನಲ್ವತ್ತಕ್ಕೂ ಜಾಸ್ತಿ ಇವೆ. ಲೆಕ್ಕ ಹೆಚ್ಚಿಸುವುದರಲ್ಲಿ ನನಗೆ ಆಸೆ ಇಲ್ಲ. ಒಂದು ನಿಯಮ ಇಟ್ಟುಕೊಂಡಿದ್ದೇನೆ. ತಂದ ಪ್ರಾಣಿಯ ಬಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬುವವರೆಗೆ ಇನ್ನೊಂದು ತರಬಾರದು. ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ, ಗಂಡು ಹೆಣ್ಣು ಗುರುತು ಹೇಗೆ, ಕನ್ನಡದಲ್ಲಿ ಏನು, ತುಳುವಿನಲ್ಲಿ ಏನು. ತುಳು ಹೆಸರು ಬರೆಸುವುದು ಅಮ್ಮನ ಕೆಲಸ. ಪಿಲಿ (ಹುಲಿ), ಪಂಜಿ (ಹಂದಿ), ಕಾಟಿ (ಕಾಡುಕೋಣ), ಕುದ್ಕೆ. ಕುದ್ಕೆ ಅಂದರೆ ನರಿ. ಅದರ ಪುಟ ಬರೆಯುವಾಗ ಅಮ್ಮ ಅರ್ಧ ಗಂಟೆ ಮಾತಾಡಿದರು. ಅವರ ತವರಿನ ಗುಡ್ಡೆಯಲ್ಲಿ ಸಂಜೆಯಾದರೆ ಕುದ್ಕೆ ಕೂಗುತ್ತಿದ್ದವಂತೆ. ಈಗ ಆ ಗುಡ್ಡೆಯಲ್ಲಿ ಲೇಔಟ್ ಆಗಿದೆ. ಆ ಪುಟವನ್ನು ಅಮ್ಮ ಹೇಳಿದ ಹಾಗೆಯೇ ಬರೆದಿಟ್ಟಿದ್ದೇನೆ.

"ಇಷ್ಟು ದುಡ್ಡು ಇದಕ್ಕೆ ಹಾಕುವುದಾ? ಯೂಟ್ಯೂಬಿನಲ್ಲಿ ಎಲ್ಲಾ ಪ್ರಾಣಿ ಫ್ರೀ ಸಿಗುತ್ತದಲ್ಲ" ಅಂತ ತುಂಬಾ ಜನ ಕೇಳುತ್ತಾರೆ. ನಾನೂ ವಿಡಿಯೋ ನೋಡುತ್ತೇನೆ, ಇಷ್ಟಪಟ್ಟೇ ನೋಡುತ್ತೇನೆ. ಆದರೆ ವಿಡಿಯೋದಲ್ಲಿ ಪ್ರಾಣಿ ಓಡುತ್ತದೆ, ಬೇಟೆ ಆಡುತ್ತದೆ, ಮುಗಿಯುತ್ತದೆ. ಕ್ಯಾಮರಾ ತೋರಿಸಿದ್ದನ್ನು ಮಾತ್ರ ನೋಡಬೇಕು. ಗೊಂಬೆ ಸುಮ್ನೆ ನಿಲ್ಲುತ್ತದೆ. ಹಿಂದೆ ತಿರುಗಿಸಬಹುದು, ಹೊಟ್ಟೆ ನೋಡಬಹುದು, ಗೊರಸು ಎಣಿಸಬಹುದು. ಎರಡು ಆನೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಆಫ್ರಿಕಾದ್ದರ ಬೆನ್ನು ನಡುವಲ್ಲಿ ತಗ್ಗು, ನಮ್ಮದರ ಬೆನ್ನು ಉಬ್ಬು. ನಮ್ಮದರ ನೆತ್ತಿಯಲ್ಲಿ ಎರಡು ಉಬ್ಬು, ಅದಕ್ಕೆ ಇಲ್ಲ. ಸೊಂಡಿಲಿನ ತುದಿಯಲ್ಲಿ ನಮ್ಮದಕ್ಕೆ ಒಂದೇ ಬೆರಳು, ಅದಕ್ಕೆ ಎರಡು. ಕಿವಿ ದೊಡ್ಡದು ಚಿಕ್ಕದು ಅನ್ನುವುದು ಎಲ್ಲರಿಗೂ ಗೊತ್ತು. ಉಳಿದದ್ದು ನನಗೆ ಗೊತ್ತಾದದ್ದು ಕೈಯಲ್ಲಿ ಹಿಡಿದು ನೋಡಿದ ಮೇಲೆ.

ಇದಕ್ಕಿಂತ ದೊಡ್ಡ ಉತ್ತರ ನನಗೆ ಸಿಕ್ಕಿದ್ದು ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ. ರಥಬೀದಿಯ ಪ್ಯಾಕೆಟ್ ನಂತರ ಅಳಿಯನಿಗೆ ನನ್ನ ಶೋಕೇಸಿನ ಒಳ್ಳೆಯ ಹುಲಿಯನ್ನೇ ಕೊಟ್ಟಿದ್ದೆ. ಅದರ ಕಿವಿಯ ಹಿಂಭಾಗ ಕಪ್ಪು, ನಡುವೆ ಒಂದು ಬಿಳಿ ಬೊಟ್ಟು. ಎಡ ಮಗ್ಗುಲಿನ ಪಟ್ಟೆಗೂ ಬಲ ಮಗ್ಗುಲಿನ ಪಟ್ಟೆಗೂ ಹೋಲಿಕೆ ಇಲ್ಲ, ಅಸಲು ಹುಲಿಯಲ್ಲೂ ಹಾಗೆಯೇ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಕಾಡಿನಲ್ಲಿ ಕ್ಯಾಮರಾ ಇಟ್ಟು ಹುಲಿ ಎಣಿಸುವವರು ಈ ಪಟ್ಟೆ ನೋಡಿಯೇ ಯಾವ ಹುಲಿ ಅಂತ ಗುರುತು ಹಿಡಿಯುತ್ತಾರೆ. ಇದೆಲ್ಲ ಅವನಿಗೆ ಹೇಳಿದ್ದೆ. ತಿಂಗಳ ನಂತರ ಪಿಲಿಕುಳಕ್ಕೆ ಹೋದೆವು. ಪಿಲಿಕುಳ ಅಂದರೆ ಹುಲಿಯ ಕೊಳ, ತುಳು ಬಲ್ಲವರಿಗೆ ಹೇಳಬೇಕಾಗಿಲ್ಲ. ಹುಲಿ ನಮ್ಮ ಕಡೆ ಮುಖ ಮಾಡಿ ಮಲಗಿತ್ತು. ಜನ ಬಂದರು, ಫೋಟೋ ತೆಗೆದರು, ಹೋದರು. ಇವನು ಬೇಲಿಯ ಹತ್ತಿರ ನಿಂತವನು ಕದಲಲಿಲ್ಲ. "ಹೋಗುವನಾ?" ಅಂದೆ. "ಇರಿ ಮಾವ, ಅದು ತಿರುಗಲಿ" ಅಂದ. ಇಪ್ಪತ್ತು ನಿಮಿಷ ಆದ ಮೇಲೆ ಹುಲಿ ಎದ್ದು ಬೆನ್ನು ಹಾಕಿತು. ಎರಡು ಬಿಳಿ ಬೊಟ್ಟು ಕಂಡವು. ಅವನು ಕಿರುಚಲಿಲ್ಲ. ನನ್ನ ಅಂಗಿ ಹಿಡಿದು ಎಳೆದು, ಬೆರಳು ತೋರಿಸಿದ, ಅಷ್ಟೇ.

ಹುಲಿಯ ಮುಂದೆ ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲುವ ಮಗುವನ್ನು ನಾನು ಬೇರೆ ನೋಡಿಲ್ಲ. ಆ ತಾಳ್ಮೆ ಅವನಿಗೆ ಬಂದದ್ದು ಹತ್ತು ಸೆಂಟಿಮೀಟರ್ ಉದ್ದದ ಗೊಂಬೆಯಿಂದ.

ದುಬಾರಿ ಗೊಂಬೆಗಳೆಲ್ಲ ಸರಿ ಇರುತ್ತವೆ ಅಂತ ನಾನು ಹೇಳುವುದಿಲ್ಲ. ಕಾಳಿಂಗ ಸರ್ಪ ಅಂತ ಪೆಟ್ಟಿಗೆಯ ಮೇಲೆ ಬರೆದ ಒಂದನ್ನು ತರಿಸಿದ್ದೆ. ತೆರೆದು ನೋಡಿದರೆ ಹೆಡೆಯ ಹಿಂದೆ ಕನ್ನಡಕದ ಗುರುತು! ಅದು ನಾಗರಹಾವಿನದ್ದು. ಕಾಳಿಂಗಕ್ಕೆ ಆ ಗುರುತು ಇಲ್ಲ, ಹೆಡೆಯೂ ಅಷ್ಟು ಅಗಲ ಇಲ್ಲ, ಉದ್ದಕ್ಕೆ ಕಿರಿದು. ಆಗುಂಬೆಯ ಬುಡದಲ್ಲಿ ಇರುವ ನಮಗೆ ಈ ತಪ್ಪು ಹೇಗೆ ಸಹಿಸಲು ಆಗುತ್ತದೆ? ಎಲೆ ಕೂಡಿಸಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದೊಂದೇ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದಕ್ಕೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜ ಅಜ್ಜಿ ಕರೆಯುತ್ತಿದ್ದ ಹೆಸರೇ ಈಗ ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿದೆ. ನಾನು ಆ ಗೊಂಬೆಯ ಕನ್ನಡಕದ ಗುರುತನ್ನು ಅಕ್ರಿಲಿಕ್ ಬಣ್ಣದಿಂದ ಮುಚ್ಚಿದೆ. ಹೆಡೆಯ ಅಗಲ ಕಡಿಮೆ ಮಾಡಲು ಆಗಲಿಲ್ಲ. ಶೋಕೇಸಿನಲ್ಲಿ ಅದರ ಕೆಳಗೆ "ನಾಗರಹಾವಿನ ಹೆಡೆ" ಅಂತ ಚೀಟಿ ಅಂಟಿಸಿದ್ದೇನೆ.

ಗೊಂಬೆ ಇಟ್ಟುಕೊಳ್ಳುವ ಬಗ್ಗೆ ಕೇಳುವವರಿಗೆ ಎರಡು ಮಾತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಬೇಡಿ. ಇವು ಪಿವಿಸಿ, ಗಾಳಿ ಇಲ್ಲದಿದ್ದರೆ ಅಂಟು ಅಂಟು ಆಗುತ್ತವೆ, ಸಂದಿಯಲ್ಲಿ ಬೂಸ್ಟು ಹಿಡಿಯುತ್ತದೆ. ಸೋಪಿನ ನೀರಲ್ಲಿ ತೊಳೆದು ಫ್ಯಾನಿನ ಕೆಳಗೆ ಒಣಗಿಸಿದರೆ ಸಾಕು. ಕಾಲು ಬಾಗಿದ್ದರೆ ಬಿಸಿನೀರಲ್ಲಿ ಒಂದು ನಿಮಿಷ ಮುಳುಗಿಸಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಅದ್ದಿ. ನಮ್ಮ ಮನೆಯಲ್ಲಿ ಇದು ಅಡುಗೆ ಒಲೆಯ ಮೇಲೆಯೇ ಆಗುತ್ತದೆ, ಅದಕ್ಕೆ ಬೇರೆಯೇ ಪಾತ್ರೆ ಇದೆ.

ದುಡ್ಡಿನ ಮಾತು. ಒಳ್ಳೆಯ ಗೊಂಬೆ ಒಂದಕ್ಕೆ 500 ರೂಪಾಯಿ, ಸಾವಿರ ಆಗುತ್ತದೆ. ಅದು ಸಣ್ಣ ಮೊತ್ತ ಅಲ್ಲ, ನನಗೂ ಅಲ್ಲ. ಆದರೂ ಹುಟ್ಟುಹಬ್ಬಕ್ಕೆ ಹನ್ನೆರಡರ ಪ್ಯಾಕೆಟ್ ಮೂರು ಸಲ ಕೊಡುವ ಬದಲು ಒಂದು ಸರಿಯಾದ ಪ್ರಾಣಿ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆ ಒಂದರ ಜೊತೆ ಮಗುವಿನ ಹತ್ತಿರ ಕೂತುಕೊಳ್ಳಿ.

ನನ್ನ ಮನಸ್ಸಿಗೆ ಜಾಸ್ತಿ ನೋವು ಕೊಡುವ ವಿಷಯ ಇನ್ನೊಂದಿದೆ. ಇಲ್ಲಿಯ ಅಂಗಡಿಗಳಲ್ಲಿ ಸಿಂಹ ಸಿಗುತ್ತದೆ, ಜೀಬ್ರಾ ಸಿಗುತ್ತದೆ, ಹಿಮಕರಡಿ ಸಿಗುತ್ತದೆ. ಸಿಂಗಳೀಕ ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇಲ್ಲದ ಕೋತಿ ಅದು. ಉಡುಪಿಯಿಂದ ಹೆಬ್ರಿ ದಾಟಿ ಸೋಮೇಶ್ವರದ ಕಾಡಿಗೆ ಹೋದರೆ ಅದರ ಮನೆ. ನಮ್ಮ ಮಕ್ಕಳು ಹಿಮಕರಡಿಯ ಚಿತ್ರ ಬಿಡಿಸುತ್ತಾರೆ, ಸಿಂಗಳೀಕದ ಮುಖದ ಸುತ್ತ ಇರುವ ಬೆಳ್ಳಿ ಬಣ್ಣದ ಕೇಸರ ನೋಡಿಲ್ಲ. ಚೆನ್ನಪಟ್ಟಣದಲ್ಲಿ ಮರ ಕಡೆಯುವವರಿದ್ದಾರೆ, ಕಿನ್ನಾಳದಲ್ಲಿ ಗೊಂಬೆ ಮಾಡುವವರಿದ್ದಾರೆ. ನಮ್ಮ ಊರಲ್ಲೇ ಪಿಲಿವೇಷದವರ ಮೈಮೇಲೆ ಪಟ್ಟೆ ಬರೆಯುವ ಕೈಗಳಿವೆ. ಪ್ರಾಣಿ ತಜ್ಞರೊಬ್ಬರನ್ನು ಜೊತೆಗೆ ಕೂರಿಸಿದರೆ ನಮ್ಮ ಘಟ್ಟದ ಪ್ರಾಣಿಗಳನ್ನು ನಾವೇ ಯಾಕೆ ಮಾಡಬಾರದು? ಯಾರಾದರೂ ಶುರು ಮಾಡಿದರೆ ಮೊದಲ ಗಿರಾಕಿ ನಾನು.

ಸದ್ಯಕ್ಕೆ ನಾವಿಬ್ಬರು ಶುರು ಮಾಡಿದ್ದೇವೆ. ಹೋದ ಭಾನುವಾರ ಬರ್ಕ ಮಾಡಲು ಕೂತೆವು. ಬರ್ಕ ಅಂದರೆ ನಮ್ಮ ಕಾಡಿನ ಪುಟ್ಟ ಪ್ರಾಣಿ, ಜಿಂಕೆಯ ಹಾಗೆ ಕಾಣುತ್ತದೆ, ಕೊಂಬಿಲ್ಲ. ಎತ್ತರ ಒಂದು ಅಡಿ, ತೂಕ ಸುಮಾರು ಮೂರು ಕೆಜಿ. ನನ್ನ ಆನೆ ಅಸಲಿನ ಇಪ್ಪತ್ತರಲ್ಲಿ ಒಂದು ಪಾಲು, ಹದಿನಾಲ್ಕು ಸೆಂಟಿಮೀಟರ್ ಎತ್ತರ. ಅದೇ ಲೆಕ್ಕದಲ್ಲಿ ಬರ್ಕ ಒಂದೂವರೆ ಸೆಂಟಿಮೀಟರ್ ಬರುತ್ತದೆ. ಅಳಿಯ ಸ್ಕೇಲ್ ಇಟ್ಟು ನೋಡಿದ, ನಂಬಲಿಲ್ಲ, ಮತ್ತೆ ಲೆಕ್ಕ ಮಾಡಿಸಿದ. ಎಂ-ಸೀಲ್ ಕಲಸಿ ಮೈ ಮಾಡಿದೆವು. ಕಾಲಿಗೆ ಗುಂಡುಸೂಜಿ ಮುರಿದು ಚುಚ್ಚಿದೆವು. ಗಟ್ಟಿಯಾದ ಮೇಲೆ ಕಂದು ಬಣ್ಣ, ಕುತ್ತಿಗೆಯ ಕೆಳಗೆ ಬಿಳಿ ಗೆರೆ. ಮಗ್ಗುಲಿನ ಬಿಳಿ ಚುಕ್ಕೆಗಳ ಸಾಲನ್ನು ಅವನು ಹಲ್ಲುಕಡ್ಡಿಯ ತುದಿಯಿಂದ ಇಟ್ಟ, ಉಸಿರು ಬಿಗಿಹಿಡಿದು.

ಗಂಡು ಬರ್ಕಕ್ಕೆ ಮೇಲಿನ ದವಡೆಯಿಂದ ಸಣ್ಣ ಕೋರೆಹಲ್ಲು ಹೊರಗೆ ಬಂದಿರುತ್ತದೆ ಅಂತ ಹೇಳಿದೆ. ಅವನು ಆ ಒಂದೂವರೆ ಸೆಂಟಿಮೀಟರ್ ಪ್ರಾಣಿಯ ಬಾಯಿಯನ್ನು ತುಂಬಾ ಹೊತ್ತು ನೋಡಿದ.

"ಅಷ್ಟು ಸಣ್ಣ ಹಲ್ಲು ಮಾಡಲಿಕ್ಕೆ ಆಗುವುದಿಲ್ಲ ಮಾವ. ಇದು ಹೆಣ್ಣು ಅಂತ ಪುಸ್ತಕದಲ್ಲಿ ಬರೆಯಿರಿ."

ಬರೆದೆ.