ಸಮ, ಬೆಸ, ಹುರುಳಿ

ಮೈಸೂರಿನ ಪೇಟೆ ಬೀದಿಯೊಂದರಲ್ಲಿ ಎದುರುಬದುರು ಎರಡು ಬೋರ್ಡುಗಳಿವೆ. ಈ ಕಡೆ ಬೆಸ ದಿನಾಂಕದಂದು ವಾಹನ ನಿಲುಗಡೆ, ಆ ಕಡೆ ಸಮ ದಿನಾಂಕದಂದು. ಬಂದವರು ಅರ್ಧ ನಿಲ್ಲಿಸಿ, ಮೊಬೈಲು ತೆಗೆದು ತಾರೀಖು ನೋಡಿ, "ಸೊನ್ನೆ ಸಮಾನಾ, ಬೆಸಾನಾ?" ಎಂದು ಕೇಳುತ್ತಾರೆ. ಇಪ್ಪತ್ತು, ಮೂವತ್ತನೇ ತಾರೀಖುಗಳಲ್ಲಿ ಈ ಪ್ರಶ್ನೆ ತಪ್ಪದು. ಉತ್ತರ ಹೇಳುವುದು ಬೋರ್ಡಿನ ಬುಡದಲ್ಲಿ ಮಲ್ಲಿಗೆ ಕಟ್ಟುತ್ತ ಕೂತ ಅಜ್ಜಿ. ಅವರ ಕೊಡೆ ಆ ಕಂಬಕ್ಕೇ ಕಟ್ಟಿರುವುದರಿಂದ ಬೋರ್ಡು ಕಾಣಿಸುವುದಿಲ್ಲ.

ಬೋರ್ಡಿನ ಹಿಂದಿನ ಲೆಕ್ಕ ಸರಿಯಾಗಿಯೇ ಇದೆ. ಏಳು ಮೀಟರ್ ಬೀದಿ ಎಂದುಕೊಳ್ಳಿ. ನಿಂತ ಕಾರಿನ ಸಾಲು, ಬಾಗಿಲು ತೆರೆಯುವ ಜಾಗವೂ ಸೇರಿ, ಎರಡೂವರೆ ಮೀಟರ್ ನುಂಗುತ್ತದೆ. ಎರಡೂ ಕಡೆ ಸಾಲಾದರೆ ನಡುವೆ ಉಳಿಯುವುದು ಎರಡೇ ಮೀಟರ್. ಬಸ್ಸಿನ ಅಗಲ 2.6 ಮೀಟರ್‌ವರೆಗೆ ಇರಬಹುದೆಂದು ಕಾನೂನೇ ಹೇಳುತ್ತದೆ. ಒಂದೇ ಬದಿ ನಿಲ್ಲಿಸಿದರೆ ನಾಲ್ಕೂವರೆ ಮೀಟರ್ ಸಿಕ್ಕಿ ಬಸ್ಸು, ಬೈಕು ಎರಡೂ ಹೋದಾವು. ನಿಂತ ಗಾಡಿಯ ಎದುರು ಇನ್ನೊಂದನ್ನು ನಿಲ್ಲಿಸಬಾರದು ಎಂಬುದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಅದರ ಜೊತೆಗೆ ತಿರುವು, ಫುಟ್‌ಪಾತು, ಬಸ್‌ಸ್ಟಾಪು, ಶಾಲೆ-ಆಸ್ಪತ್ರೆಗಳ ಗೇಟು. ಪಟ್ಟಿ ಓದಿದರೆ, ನಾವು ದಿನಾ ಎಲ್ಲೆಲ್ಲಿ ನಿಲ್ಲಿಸುತ್ತೇವೋ ಅದನ್ನು ನೋಡಿಕೊಂಡೇ ಯಾರೋ ಬರೆದ ಹಾಗಿದೆ.

ಕಿರಿಕಿರಿ ಇರುವುದು ಕ್ಯಾಲೆಂಡರಿನಲ್ಲಿ. ಮೂವತ್ತೊಂದು ಬೆಸ, ಮರುದಿನದ ಒಂದೂ ಬೆಸ. ಹಾಗಾಗಿ ವರ್ಷಕ್ಕೆ ಏಳು ಸಲ ಸರದಿ ಬದಲಾಗದೆ ಒಂದೇ ಬದಿಗೆ ಎರಡು ದಿನ. ಒಟ್ಟು ಎಣಿಸಿದರೆ ಬೆಸದ ಬದಿಗೆ 186 ದಿನ, ಸಮದ ಬದಿಗೆ 179. ಅಧಿಕ ವರ್ಷದಲ್ಲಿ ಫೆಬ್ರವರಿ 29 ಕೂಡ ಬೆಸಕ್ಕೇ ಹೋಗುತ್ತದೆ. ಸಮದ ಬದಿಯವರಿಗೆ ಯಾವ ವರ್ಷವೂ ಪರಿಹಾರವಿಲ್ಲ. ಇನ್ನು ದಿನ ಬದಲಾಗುವ ಹೊತ್ತು. ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ, ಕಾನೂನಿನ ದಿನ ನಡುರಾತ್ರಿಗೆ. ರಾತ್ರಿ ಹತ್ತಕ್ಕೆ ಸರಿಯಾದ ಬದಿಯಲ್ಲಿ ನಿಲ್ಲಿಸಿ ಮಲಗಿದ ಸಂಭಾವಿತರ ಕಾರು ಹನ್ನೆರಡು ಹೊಡೆಯುತ್ತಲೇ, ಒಂದಂಗುಲವೂ ಅಲುಗದೆ, ತಪ್ಪಿತಸ್ಥನಾಗುತ್ತದೆ. ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಲ್ಲಿ ವಾರಸುದಾರರಿಲ್ಲದೆ ಬಿಟ್ಟ ಗಾಡಿಗೆ ಹತ್ತು ಗಂಟೆಯ ಗಡುವಿದೆ. ನಿಷೇಧವಿರುವ ಕಡೆ ನಿಂತ ಗಾಡಿಗೆ ಅದೂ ಇಲ್ಲ, ಎತ್ತಿಕೊಂಡು ಹೋಗಬಹುದು. ಬಾಡಿಗೆ ಮಾತ್ರ ಮಾಲೀಕರದ್ದು.

ಇಷ್ಟೆಲ್ಲ ಕಷ್ಟಪಟ್ಟು ಖಾಲಿ ಮಾಡಿಸಿದ ಬದಿಯಲ್ಲಿ ಏನಿರುತ್ತದೆ ಗೊತ್ತೆ? ತಮ್ಮ ಮುಂದೆ ಯಾರೂ ಗಾಡಿ ನಿಲ್ಲಿಸದಿರಲೆಂದು ಅಂಗಡಿಯವರು ಇಟ್ಟ ಪ್ಲಾಸ್ಟಿಕ್ ಬಕೆಟ್ಟು. ಅದರಲ್ಲಿ ಸಿಮೆಂಟು ತುಂಬಿ, ನಡುವೆ ಕೋಲು ನೆಟ್ಟು, ಕೋಲಿಗೆ ಹಗ್ಗ. ಬಕೆಟ್ಟು ಮೋಟಾರು ವಾಹನವಲ್ಲ, ಹಾಗಾಗಿ ಟೋಯಿಂಗ್ ಗಾಡಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇರೆ ಕಲಮಿದೆ: ಭಾರತೀಯ ನ್ಯಾಯ ಸಂಹಿತೆಯ 285, ಸಾರ್ವಜನಿಕ ದಾರಿಗೆ ಅಡ್ಡಿ, ದಂಡ ಐದು ಸಾವಿರದವರೆಗೆ. ಅದಕ್ಕೂ ಮುಂಚೆ 1860ರ ದಂಡ ಸಂಹಿತೆಯ 283. ಅದು 2024ರ ಜೂನ್ 30ರಂದು ನಿವೃತ್ತವಾಗುವವರೆಗೂ ಇನ್ನೂರು ರೂಪಾಯಿ ದಾಟಲಿಲ್ಲ. ಎತ್ತಿನಗಾಡಿಯ ಕಾಲದ ದಂಡ ಎಂದು ನಕ್ಕರೆ, ಎತ್ತುಗಳೇ ನಮ್ಮನ್ನು ನೋಡಿ ನಕ್ಕಾವು. ಏಕೆಂದರೆ ಬಕೆಟ್ಟಿಗೆ ಹಾಕುವ ಇದೇ ಕಲಮು ಮಂಡ್ಯದಲ್ಲಿ ಒಕ್ಕಣೆಗೆಂದು ರಸ್ತೆಗೆ ಹರಡುವ ಹುರುಳಿಗೂ ಬೀಳುತ್ತದೆ, ಹುರುಳಿ ರಸ್ತೆಗೆ ಬಂದದ್ದೇ ಎತ್ತುಗಳು ಹೋದದ್ದರಿಂದ.

ಮೊದಲು ಕಣ ಮಾಡುವುದೆಂದರೆ ವಾರದ ಕೆಲಸ. ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಗುಂಡು ಉರುಳಿಸಿ, ಬಿರುಕು ಕಾಣದಂತೆ ಸಗಣಿ ಸಾರಿಸಬೇಕು. ನಡುವೆ ಮೇಟಿ ನೆಟ್ಟು ಎತ್ತು ಕಟ್ಟಬೇಕು. ಈಗ ಎತ್ತೂ ಇಲ್ಲ, ಸಗಣಿಯೂ ಇಲ್ಲ, ಸಾರಿಸುವ ಸೊಂಟವೂ ಇಲ್ಲ. ಊರ ಮುಂದೆ ಸರ್ಕಾರ ಟಾರು ಹಾಕಿದೆ: ಗಟ್ಟಿ, ನುಣುಪು, ಬಿಸಿ. ಮೇಲೆ ಓಡಾಡಲು ಬಿಟ್ಟಿ ಚಕ್ರಗಳು. ಡಿಸೆಂಬರು ಬಂತೆಂದರೆ ಇಬ್ಬನಿ ಆರುವ ಹೊತ್ತಿಗೆ, ಎಂಟೂವರೆ-ಒಂಬತ್ತಕ್ಕೆ, ಹುರುಳಿ ಗಿಡ ರಸ್ತೆಗಿಳಿಯುತ್ತದೆ. ಹಸಿ ಇದ್ದರೆ ಕಾಯಿ ಸಿಡಿಯದು, ಅದಕ್ಕೇ ಆ ಹೊತ್ತು. ಮೇಲಿಂದ ಬಿಸಿಲು, ಕೆಳಗಿಂದ ಟಾರಿನ ಕಾವು. ನಡುಹಗಲಿಗೊಮ್ಮೆ ಕವೆಗೋಲಿನಲ್ಲಿ ತಿರುವಿ ಹಾಕಿದರೆ ಸಂಜೆಗೆ ಕಾಳು ಉದುರಿ, ಗಾಳಿಗೆ ತೂರಿ, ಮೊರದಲ್ಲಿ ಕೇರಿ, ಚೀಲ. ಬೈಕು ನಿಧಾನಿಸಿದರೆ ದನಿ ಬರುತ್ತದೆ: "ಅದ್ರ ಮ್ಯಾಲೇ ಹೋಗಣ್ಣ, ಏನೂ ಆಗಲ್ಲ ಕಣಣ್ಣ!" ಮಂಡ್ಯದಲ್ಲಿ ಮಾತಿನ ಕೊನೆಗೆ ಕಣ ಇದ್ದೇ ಇರುತ್ತದೆ, ಸುಗ್ಗಿಯಲ್ಲಿ ಊರಿನ ಕೊನೆಗೂ.

ಏನೂ ಆಗಲ್ಲ ಎಂಬುದೊಂದು ಸುಳ್ಳು. ಹುರುಳಿ ಬಳ್ಳಿ ರಾಗಿ ಹುಲ್ಲಿನಂತಲ್ಲ. ಉದ್ದ, ನಾರುನಾರು, ಹುರಿಯಂತೆ ಸುತ್ತಿಕೊಳ್ಳುವ ಜಾತಿ. ಕಾರಿನ ಆಕ್ಸಲ್ಲಿಗೆ ಸಿಕ್ಕರೆ ಪ್ರತಿ ಸುತ್ತಿಗೂ ಇನ್ನಷ್ಟು ಬಳ್ಳಿ ಎಳೆದುಕೊಂಡು ಉಂಡೆಯಾಗುತ್ತದೆ. ಹತ್ತಿರದಲ್ಲೇ ಕಾದ ಸೈಲೆನ್ಸರು. ಒಣ ಹುಲ್ಲಿಗೆ ಅದಕ್ಕಿಂತ ಬೇರೆ ಬೆಂಕಿಕಡ್ಡಿ ಬೇಕಿಲ್ಲ. ಸುಟ್ಟ ವಾಸನೆ ಬಂದರೆ ಹುಲ್ಲಿನಿಂದ ಆಚೆ ಬಂದು ಬರಿ ಟಾರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿಯಬೇಕು. ಹುಲ್ಲಿನ ನಡುವೆ ನಿಂತರೆ ಕಾರಿನ ಜೊತೆ ರೈತರ ವರ್ಷದ ಬೆಳೆಯೂ ಹೋಗುತ್ತದೆ. ಬೈಕಿಗೆ ಬಳ್ಳಿಗಿಂತ ಕಾಳು ಅಪಾಯ. ಬಳ್ಳಿಯ ಕೆಳಗೆ ಉದುರಿದ ಕಾಳು ಬೇರಿಂಗಿನ ಗುಂಡುಗಳ ಹಾಗೆ ಉರುಳುತ್ತದೆ, ಮುಂದಿನ ಬ್ರೇಕು ಹಿಡಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ದೂರದಲ್ಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಹುಲ್ಲು ದಾಟುವವರೆಗೆ ಬ್ರೇಕು ಮುಟ್ಟದೆ ಹೋಗುವುದೇ ದಾರಿ.

ಆದರೂ ಹುರುಳಿಯ ಮೇಲೆ ನಿಜವಾದ ಸಿಟ್ಟು ಬರುವುದಿಲ್ಲ. ಸಂಜೆಯಾದರೆ ಅದು ಹೋಗುತ್ತದೆ, ಬಸ್ಸಾರಾಗಿ ಹಿಂತಿರುಗುತ್ತದೆ. ಸಿಟ್ಟು ಬರುವುದು ಕಲ್ಲಿನ ಮೇಲೆ. ಗಾಡಿಗಳು ಹುಲ್ಲು ಬಿಟ್ಟು ಪಕ್ಕಕ್ಕೆ ಹೋಗದಿರಲೆಂದು ಬರಿ ಟಾರಿನ ಮೇಲೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಕಾಳು ಚೀಲಕ್ಕೆ, ಹೊಟ್ಟು ಕೊಟ್ಟಿಗೆಗೆ; ಕಲ್ಲು ಅಲ್ಲೇ. ಕತ್ತಲಾದ ಮೇಲೆ ಕಪ್ಪು ರಸ್ತೆಯಲ್ಲಿ ಕಪ್ಪು ಕಲ್ಲು. ಕಾಳೊಂದನ್ನೂ ಬಿಡದೆ ಗುಡಿಸಿಕೊಂಡ ಕೈಗೆ ನಾಲ್ಕು ಕಲ್ಲು ಎತ್ತಲು ಏನು ದಾಡಿ? ಇದಕ್ಕೆ ಸುಗ್ಗಿ, ಸಂಪ್ರದಾಯ, ರೈತನ ಕಷ್ಟ ಎಂದೆಲ್ಲ ಸಮಾಧಾನ ಹೇಳಲು ಬರಬೇಡಿ. ರಾಶಿಗೆ ಕಪ್ಪು ಟಾರ್ಪಾಲು ಹೊದಿಸಿ ರಸ್ತೆಯಲ್ಲೇ ಮಲಗಿಸುವವರಿಗೂ ಇದೇ ಮಾತು.

ಮೈಸೂರು-ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೇ ಪ್ರವೇಶವಿಲ್ಲ, ಹುರುಳಿಯನ್ನು ಕೇಳುವವರಾರು. ಅದು ಹಳ್ಳಿ ರಸ್ತೆಗಳಲ್ಲೇ ಉಳಿದುಕೊಂಡಿದೆ. ಅಲ್ಲಿ ಸಮ-ಬೆಸದ ಬೋರ್ಡಿಲ್ಲ. ಇದ್ದಿದ್ದರೆ ಇವತ್ತು ಎಡಕ್ಕೆ ಹುರುಳಿ, ನಾಳೆ ಬಲಕ್ಕೆ ರಾಗಿ ಎಂದು ಹೊಂದಿಕೊಂಡು ಹೋಗುತ್ತಿದ್ದರೋ ಏನೋ.

ಹೇಳಹೊರಟಿದ್ದು ರಸ್ತೆ ಯಾರದ್ದು ಎಂಬ ದೊಡ್ಡ ವಿಚಾರ. ಅದು ಹುರುಳಿಯಲ್ಲಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಪೇಟೆ ಬೀದಿಯಲ್ಲಿ ತಾರೀಖು ಮೂವತ್ತೊಂದಾಗಿದೆ. ಬೆಸದ ಬದಿಗೆ ಇವತ್ತೂ ಕಾರು, ನಾಳೆಯೂ ಕಾರು. ಆ ಬದಿಯ ಅಂಗಡಿಗಳ ಮುಂದೆ ಬೆಳಿಗ್ಗೆಯೇ ಎರಡು ಬಕೆಟ್ಟು ಹೆಚ್ಚಾಗಿ ಬಂದು ಕೂತಿವೆ.